ಗ್ವಾಟೆಮಾಲಾದಿಂದ ಪನಾಮದವರೆಗೆ: ಮಧ್ಯ ಅಮೆರಿಕದ ರಾಜಧಾನಿಗಳ ನಡುವೆ ಹಾರಾಟ, ಹೋಟೆಲ್ ವಾಸ್ತವ್ಯ

ಭೂಪಟದಲ್ಲಿ ಮಧ್ಯ ಅಮೆರಿಕ ಒಂದು ಸಪೂರ ಪಟ್ಟಿ. ಗ್ವಾಟೆಮಾಲಾ ಸಿಟಿಯಿಂದ ಎಲ್ ಸಾಲ್ವಡೋರ್‌ನ ರಾಜಧಾನಿ ಸಾನ್ ಸಾಲ್ವಡೋರ್‌ಗೆ ವಿಮಾನದಲ್ಲಿ ಮುಕ್ಕಾಲು ಗಂಟೆ, ಕೋಸ್ಟರಿಕಾದ ಸಾನ್ ಹೋಸೆಯಿಂದ ಪನಾಮ ಸಿಟಿಗೆ ಒಂದೂಕಾಲು ಗಂಟೆಯ ಆಸುಪಾಸು. ಈ ಅಂಕಿಗಳನ್ನು ನೋಡಿ ದಿನಕ್ಕೊಂದು ದೇಶ ಎಂದು ಲೆಕ್ಕ ಹಾಕಿಕೊಂಡು ಹೊರಡುವವರು ಬಹಳ. ಆದರೆ ಹೋಟೆಲಿನ ಬಾಗಿಲಿನಿಂದ ಹೋಟೆಲಿನ ಬಾಗಿಲಿಗೆ ಅಳೆದರೆ ಚಿತ್ರವೇ ಬೇರೆ. ನಿಲ್ದಾಣ ತಲುಪುವ ದಾರಿ, ಹೊರಡುವ ದೇಶದ ವಲಸೆ ತಪಾಸಣೆ, ಇಳಿಯುವ ದೇಶದ ತಪಾಸಣೆ, ಸುಂಕದ ಸಾಲು, ಊರಿನ ಸಂಚಾರ ದಟ್ಟಣೆ ಎಲ್ಲ ಸೇರಿ ಏಳೆಂಟು ಗಂಟೆ ಹಿಡಿಯುತ್ತದೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಒಂದೊಂದು ರಾಜಧಾನಿಗೆ ಕನಿಷ್ಠ ಮೂರು ರಾತ್ರಿ ಕೊಡಿ. ಅಷ್ಟು ಸಮಯವಿಲ್ಲದಿದ್ದರೆ ದೇಶಗಳ ಸಂಖ್ಯೆಯನ್ನೇ ಕಡಿಮೆ ಮಾಡಿ.

ಹಂತ 1: ಮೊದಲು ಪಾಸ್‌ಪೋರ್ಟ್, ಆಮೇಲೆ ಟಿಕೆಟ್

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ಭಾಗದಲ್ಲಿ ಅತ್ಯಂತ ಉಪಕಾರಿ ಕಾಗದವೆಂದರೆ ಅಮೆರಿಕದ ವೀಸಾ. ಅವಧಿ ಉಳಿದಿರುವ, ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ ಅಮೆರಿಕದ ವೀಸಾ ಇದ್ದರೆ ಗ್ವಾಟೆಮಾಲಾ, ಕೋಸ್ಟರಿಕಾ, ಪನಾಮ ಮೊದಲಾದ ದೇಶಗಳು ಬೇರೆ ವೀಸಾ ಕೇಳದೆ ಬಿಡುತ್ತವೆ. ಷರತ್ತುಗಳು ಮಾತ್ರ ಒಂದೊಂದು ದೇಶಕ್ಕೆ ಒಂದೊಂದು. ಪನಾಮ, ಆ ವೀಸಾವನ್ನು ಅದನ್ನು ಕೊಟ್ಟ ದೇಶಕ್ಕೆ ಹೋಗಲು ಒಮ್ಮೆಯಾದರೂ ಬಳಸಿರಬೇಕು ಎನ್ನುತ್ತದೆ. ಹೊಸ ವೀಸಾ ಅಂಟಿಸಿಕೊಂಡು ನೇರವಾಗಿ ಪನಾಮಕ್ಕೆ ಹೊರಟವರನ್ನು ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ವಾರದಲ್ಲಿ ಆಯಾ ದೇಶದ ದೆಹಲಿ ರಾಯಭಾರ ಕಚೇರಿಯ ಜಾಲತಾಣ ನೋಡಿ. ಎರಡು ವರ್ಷ ಹಿಂದೆ ಹೋಗಿ ಬಂದ ಗೆಳೆಯನ ಮಾತು ಇಲ್ಲಿ ಪ್ರಮಾಣವಲ್ಲ.

ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗ್ವಾ ಈ ನಾಲ್ಕು ದೇಶಗಳು 2006ರ ಒಪ್ಪಂದದಂತೆ ಪ್ರವಾಸಿಗರಿಗೆ ನಾಲ್ಕಕ್ಕೂ ಸೇರಿ 90 ದಿನ ಕೊಡುತ್ತವೆ. ಒಂದರಿಂದ ಇನ್ನೊಂದಕ್ಕೆ ಹಾರಿದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ವಿಮಾನದಲ್ಲಿ ಬಂದವರಿಗೆ ಪಾಸ್‌ಪೋರ್ಟ್ ತಪಾಸಣೆಯಿಂದ ವಿನಾಯಿತಿಯೂ ಇಲ್ಲ.

ಅಮೆರಿಕದಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಹ್ಯೂಸ್ಟನ್ ಅಥವಾ ಮಯಾಮಿಯಿಂದ ಇಲ್ಲಿಗೆ ಬರುವುದು ಸುಲಭ. ವಾಪಸು ಹೋಗುವಾಗ ಪಾಸ್‌ಪೋರ್ಟಿನಲ್ಲಿ ಅವಧಿ ಮೀರದ ವೀಸಾ ಮುದ್ರೆ ಇರಲೇಬೇಕು. ಮುದ್ರೆಯ ಅವಧಿ ಮುಗಿದಿದ್ದರೂ ಮೂವತ್ತು ದಿನದೊಳಗೆ ಮರಳುವವರಿಗೆ ಸಿಗುವ ರಿಯಾಯಿತಿ ಕೆನಡಾ, ಮೆಕ್ಸಿಕೊಗಳಿಗೆ ಉಂಟು, ಕೋಸ್ಟರಿಕಾಕ್ಕಾಗಲಿ ಪನಾಮಕ್ಕಾಗಲಿ ಇಲ್ಲ. ಎಚ್-1ಬಿ ಅನುಮೋದನೆ ಪತ್ರವೊಂದನ್ನೇ ನಂಬಿ ರಜೆಗೆ ಹೊರಟರೆ ಮರಳುವ ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ.

ಇನ್ನು ಹಳದಿ ಜ್ವರದ ಲಸಿಕೆ. ಭಾರತ ಸರಕಾರದ ಹಳದಿ ಜ್ವರ ಪೀಡಿತ ದೇಶಗಳ ಪಟ್ಟಿಯಲ್ಲಿ ಪನಾಮ ಇದೆ. ಅಲ್ಲಿ ತಂಗಿ ಬೆಂಗಳೂರಿಗೋ ಮುಂಬೈಗೋ ಇಳಿಯುವಾಗ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಅವರಿಗಿದೆ. ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ, ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. ಸರಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುವುದರಿಂದ ಹೊರಡುವ ತಿಂಗಳ ಮೊದಲೇ ದಿನ ಗೊತ್ತುಮಾಡಿಕೊಳ್ಳಿ.

ಹಂತ 2: ವಿಮಾನ ಎಲ್ಲಿ ಬದಲಾಗುತ್ತದೆ ಎಂದು ನೋಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ಓದುವುದಿದ್ದರೆ ಇದನ್ನು ಓದಿ.

ಮಧ್ಯ ಅಮೆರಿಕದಲ್ಲಿ ಎರಡು ದೊಡ್ಡ ವಿಮಾನ ಕೇಂದ್ರಗಳಿವೆ. ಕೋಪಾ ಸಂಸ್ಥೆಯದು ಪನಾಮದ ಟೊಕುಮೆನ್. ಆವಿಯಾಂಕಾ ಸಂಸ್ಥೆಯ ಈ ಭಾಗದ ಕೇಂದ್ರ ಸಾನ್ ಸಾಲ್ವಡೋರ್. ರಾಜಧಾನಿಗಳ ನಡುವೆ ನೇರ ವಿಮಾನಗಳು ಕಡಿಮೆ. ಹಾಗಾಗಿ ಟಿಕೆಟ್ ತಾಣಗಳಲ್ಲಿ ನಿಕರಾಗ್ವಾದ ರಾಜಧಾನಿ ಮಾನಾಗ್ವಾದಿಂದ ಗ್ವಾಟೆಮಾಲಾಕ್ಕೆ ಹುಡುಕಿದರೂ, ಗ್ವಾಟೆಮಾಲಾದಿಂದ ಪನಾಮಕ್ಕೆ ಹುಡುಕಿದರೂ ಸಾನ್ ಸಾಲ್ವಡೋರ್‌ನಲ್ಲಿ ಒಂದು ಗಂಟೆ ನಿಲ್ಲುವ ಅಗ್ಗದ ಟಿಕೆಟ್ ಮೇಲೆಯೇ ಕಾಣಿಸುತ್ತದೆ.

ಅದರ ನಿಜವಾದ ಬೆಲೆ ಬೇರೆ. 2023ರ ಅಕ್ಟೋಬರ್‌ನಲ್ಲಿ ಎಲ್ ಸಾಲ್ವಡೋರ್ ಭಾರತ ಮತ್ತು ಆಫ್ರಿಕಾದ ಹಲವಾರು ದೇಶಗಳ ಪಾಸ್‌ಪೋರ್ಟ್ ಹೊಂದಿದವರ ಮೇಲೆ 1,000 ಡಾಲರ್ ಶುಲ್ಕ ಹೇರಿತು. ಅದರ ಮೇಲೆ ಶೇಕಡಾ 13 ತೆರಿಗೆ. ಒಟ್ಟು 1,130 ಡಾಲರ್. ವಿಮಾನ ನಿಲ್ದಾಣದ ಅಭಿವೃದ್ಧಿಗೆ ಎಂಬುದು ಅದಕ್ಕಿಟ್ಟ ಹೆಸರು. ಈ ದಾರಿಯಾಗಿ ಬಂದು, ನೆಲಮಾರ್ಗ ಹಿಡಿದು ಅಮೆರಿಕದ ಗಡಿಗೆ ನಡೆಯುವವರ ಹರಿವನ್ನು ತಡೆಯುವುದೇ ಉದ್ದೇಶ ಎಂದು ಎಲ್ಲರಿಗೂ ಗೊತ್ತು. ಇದು ದೇಶದೊಳಕ್ಕೆ ಕಾಲಿಡುವವರಿಗಷ್ಟೇ ಅಲ್ಲ, ನಿಲ್ದಾಣದಲ್ಲಿ ಕುಳಿತು ಮುಂದಿನ ವಿಮಾನ ಹಿಡಿಯುವವರಿಗೂ ಅನ್ವಯಿಸುವಂತೆ ಬಂದ ನಿಯಮ. ವಿಮಾನ ಸಂಸ್ಥೆಗಳು ಶುಲ್ಕ ಕಟ್ಟಿದ ಪುರಾವೆಯಿಲ್ಲದೆ ಹತ್ತಿಸಿಕೊಳ್ಳುವುದಿಲ್ಲ. ಇನ್ನೂರು ಡಾಲರಿನ ಟಿಕೆಟಿಗೆ ಸಾವಿರದ ಚಿಲ್ಲರೆ ದಂಡ! ನೀವು ಟಿಕೆಟ್ ತೆಗೆಯುವ ಹೊತ್ತಿಗೆ ನಿಯಮ ಜಾರಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಹುಡುಕಾಟದ ಫಲಿತಾಂಶಗಳಿಂದ ಸಾನ್ ಸಾಲ್ವಡೋರ್ ಮೂಲಕ ಹೋಗುವ ಎಲ್ಲ ಟಿಕೆಟುಗಳನ್ನೂ ತೆಗೆದುಹಾಕಿ.

ಹಾಗಾದರೆ ಯಾವ ದಾರಿ? ಮೊದಲ ಬಾರಿಗೆ ಬರುವವರಿಗೆ ನಾನು ಹೇಳುವುದು ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಒಂದೇ ಸಾಲು: ಗ್ವಾಟೆಮಾಲಾ ಸಿಟಿ, ಅಲ್ಲಿಂದ ನೇರ ವಿಮಾನದಲ್ಲಿ ಸಾನ್ ಹೋಸೆ, ಅಲ್ಲಿಂದ ಪನಾಮ ಸಿಟಿ. ಮೊದಲ ಹಾರಾಟಕ್ಕೆ ವೊಲಾರಿಸ್‌ನಂಥ ಅಗ್ಗದ ಸಂಸ್ಥೆಗಳಿವೆ, ಎರಡನೆಯದಕ್ಕೆ ಕೋಪಾ. ಮಾನಾಗ್ವಾ ಅಥವಾ ಹೊಂಡುರಾಸ್‌ನ ರಾಜಧಾನಿ ತೆಗುಸಿಗಾಲ್ಪವನ್ನು ಸೇರಿಸಬೇಕೆಂದರೆ ಪನಾಮದ ಮೂಲಕ ಹೋಗಿ. ಸುತ್ತು ಹೆಚ್ಚು, ತಲೆನೋವು ಕಡಿಮೆ. ಬೆಲೀಜ್‌ನ ರಾಜಧಾನಿ ಬೆಲ್ಮೊಪಾನ್ ಅನ್ನು ಈ ಸುತ್ತಿನಿಂದ ಬಿಟ್ಟರೂ ನಷ್ಟವಿಲ್ಲ. ದೇಶದ ಅಂತರರಾಷ್ಟ್ರೀಯ ನಿಲ್ದಾಣ ಬೆಲೀಜ್ ಸಿಟಿಯ ಬಳಿ ಇದೆ, ರಾಜಧಾನಿ ಅಲ್ಲಿಂದ ಎಂಬತ್ತು ಕಿಲೋಮೀಟರ್ ಒಳನಾಡಿನ ಸಣ್ಣ ಊರು.

ಹಂತ 3: ಟಿಕೆಟ್ ಕೊಳ್ಳುವಾಗ

ಬೆಳಗಿನ ವಿಮಾನವನ್ನೇ ಆರಿಸಿ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗಾಲ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದು ಮಧ್ಯಾಹ್ನದ ಮೇಲೆ ಗುಡುಗು ಮಳೆ ಸುರಿಯುವುದು ಇಲ್ಲಿಯ ದಿನಚರಿ. ಬೆಳಗಿನದನ್ನು ಹಿಡಿದರೆ ಇನ್ನೊಂದು ಲಾಭ: ಹೊಸ ಊರಿನಲ್ಲಿ ಹಗಲು ಹೊತ್ತಿನಲ್ಲೇ ಇಳಿಯುತ್ತೀರಿ. ಭಾಷೆ ಬಾರದ ಊರಿನಲ್ಲಿ ರಾತ್ರಿ ಹನ್ನೊಂದಕ್ಕೆ ಟ್ಯಾಕ್ಸಿ ಹುಡುಕುವುದಕ್ಕಿಂತ ನಸುಕಿನ ನಾಲ್ಕಕ್ಕೆ ಏಳುವುದು ಎಷ್ಟೋ ವಾಸಿ.

ಅಗ್ಗದ ಟಿಕೆಟಿನಲ್ಲಿ ಸೀಟಿನ ಕೆಳಗೆ ಹಿಡಿಸುವ ಒಂದು ಚೀಲಕ್ಕೆ ಮಾತ್ರ ಅವಕಾಶ. ಮೇಲಿನ ಕಪಾಟಿನ ಪೆಟ್ಟಿಗೆಗೂ ಹಣ, ಲಗೇಜಿಗೂ ಹಣ. ಟಿಕೆಟ್ ಜೊತೆಗೇ ಕಟ್ಟಿದರೆ ಕಡಿಮೆ, ಗೇಟಿನ ಬಳಿ ಕಟ್ಟಿದರೆ ಕಣ್ಣಲ್ಲಿ ನೀರು.

ಮುಂದಿನ ದೇಶದಿಂದ ಹೊರಹೋಗುವ ಟಿಕೆಟನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಕೋಸ್ಟರಿಕಾ ಮತ್ತು ಪನಾಮ ಇದನ್ನು ಕೇಳುತ್ತವೆ. ಅವರಿಗಿಂತ ಮೊದಲು ವಿಮಾನ ಸಂಸ್ಥೆಯವರೇ ಕೇಳುತ್ತಾರೆ. ಪನಾಮದಲ್ಲಿ 500 ಡಾಲರ್‌ನಷ್ಟು ಹಣ ಇರುವುದಕ್ಕೆ ಪುರಾವೆಯನ್ನೂ ಕೇಳಬಹುದು, ಬ್ಯಾಂಕ್ ಖಾತೆಯ ವಿವರದ ಒಂದು ಪ್ರತಿ ಇರಲಿ. ಸುಂಕ ಮತ್ತು ವಲಸೆಯ ಅರ್ಜಿಗಳು ಬಹುತೇಕ ಆನ್‌ಲೈನ್ ಆಗಿವೆ: ಹೊಂಡುರಾಸ್‌ಗೆ ಪ್ರಯಾಣಕ್ಕೆ ಮುನ್ನವೇ ತುಂಬುವ ವಲಸೆ ಅರ್ಜಿ, ಗ್ವಾಟೆಮಾಲಾಕ್ಕೆ ಸುಂಕದ ಘೋಷಣೆ. ಇವನ್ನು ಹೋಟೆಲಿನ ವೈಫೈ ಇರುವಾಗಲೇ ತುಂಬಿ, ಬರುವ ಕ್ಯೂಆರ್ ಕೋಡ್‌ನ ಚಿತ್ರ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಡ್ರೋನ್ ಇದ್ದರೆ ನಿಕರಾಗ್ವಾಕ್ಕೆ ತರಬೇಡಿ, ಸುಂಕದವರು ಕಿತ್ತಿಟ್ಟುಕೊಳ್ಳುತ್ತಾರೆ.

ಗಡಿಯಾರದ ಲೆಕ್ಕ ಸರಳ. ಪನಾಮ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದೆ, ಉಳಿದೆಲ್ಲ ದೇಶಗಳು ಹನ್ನೊಂದೂವರೆ ಗಂಟೆ ಹಿಂದೆ.

ಹಂತ 4: ನಿಲ್ದಾಣದಿಂದ ಊರಿಗೆ

ಟಿಕೆಟಿನ ಮೇಲೆ ಊರಿನ ಹೆಸರಿದ್ದ ಮಾತ್ರಕ್ಕೆ ನಿಲ್ದಾಣ ಆ ಊರಿನಲ್ಲಿದೆ ಎಂದುಕೊಳ್ಳಬೇಡಿ.

ಗ್ವಾಟೆಮಾಲಾದ ಲಾ ಆರೋರಾ ನಿಲ್ದಾಣ ಮಾತ್ರ ನಗರದ ಹೊಟ್ಟೆಯಲ್ಲೇ ಇದೆ. 13ನೇ ವಲಯದ ಅತಿಥಿಗೃಹಗಳು ಅಲ್ಲಿಂದ ಐದು ಹತ್ತು ನಿಮಿಷ. ಹಲವು ಕಡೆ ಅವರೇ ಬಂದು ಕರೆದೊಯ್ಯುತ್ತಾರೆ. ಜ್ವಾಲಾಮುಖಿಗಳೂ ಇಲ್ಲಿಂದ ದೂರವಿಲ್ಲ. 2018ರ ಜೂನ್ 3ರಂದು ಫುಎಗೊ ಜ್ವಾಲಾಮುಖಿ ಸಿಡಿದಾಗ ಬೂದಿ ಬಿದ್ದು ಈ ನಿಲ್ದಾಣ ಮುಚ್ಚಿತ್ತು. ಹಳೆಯ ರಾಜಧಾನಿ ಆಂಟಿಗ್ವಾದಲ್ಲಿ ತಂಗುವವರು ಒಂದರಿಂದ ಒಂದೂವರೆ ಗಂಟೆ ರಸ್ತೆ ಪ್ರಯಾಣ ಸೇರಿಸಿಕೊಳ್ಳಬೇಕು.

ಸಾನ್ ಹೋಸೆಯ ಹ್ವಾನ್ ಸಾಂತಾಮರಿಯಾ ನಿಲ್ದಾಣ ನಿಜಕ್ಕೂ ಇರುವುದು ಪಕ್ಕದ ಅಲಾಹುಏಲಾ ಊರಿನಲ್ಲಿ. ರಾಜಧಾನಿ ಅಲ್ಲಿಂದ ಇಪ್ಪತ್ತು ಕಿಲೋಮೀಟರ್‌ಗೂ ಕಡಿಮೆ, ಸಂಜೆಯ ಹೊತ್ತು ಒಂದು ಗಂಟೆಗೂ ಹೆಚ್ಚು. ನಿಲ್ದಾಣದ ಅಧಿಕೃತ ಟ್ಯಾಕ್ಸಿಗಳ ಬಣ್ಣ ಕಿತ್ತಳೆ, ಊರಿನ ಟ್ಯಾಕ್ಸಿಗಳದು ಕೆಂಪು. ಬೆಳಗಿನ ಜಾವದ ವಿಮಾನ ಇರುವ ಹಿಂದಿನ ರಾತ್ರಿಯನ್ನು ಅಲಾಹುಏಲಾದಲ್ಲೇ ಕಳೆಯುವುದು ಜಾಣತನ.

ಹೊಂಡುರಾಸ್ ಕಥೆ ಬೇರೆ. ತೆಗುಸಿಗಾಲ್ಪದ ಒಳಗಿದ್ದ ಟೋನ್‌ಕೊಂಟೀನ್ ನಿಲ್ದಾಣ ಗುಡ್ಡಗಳ ನಡುವೆ ಗಿಡ್ಡ ರನ್‌ವೇ ಇದ್ದ, ಪೈಲಟ್‌ಗಳೂ ಹೆದರುತ್ತಿದ್ದ ಜಾಗ. 2008ರಲ್ಲಿ ಅಲ್ಲಿ ಇಳಿದ ವಿಮಾನವೊಂದು ರನ್‌ವೇ ದಾಟಿ ರಸ್ತೆಗೆ ಬಿದ್ದಿತ್ತು. 2021ರ ಕೊನೆಗೆ ದೊಡ್ಡ ವಿಮಾನಗಳೆಲ್ಲ ಕೊಮಾಯಾಗ್ವಾ ಬಳಿಯ ಪಾಲ್ಮೆರೋಲಾಕ್ಕೆ ಹೋದವು. ಸುರಕ್ಷಿತ ನಿಜ, ಆದರೆ ರಾಜಧಾನಿಗೆ ಇನ್ನೂ ಒಂದೂವರೆ ಗಂಟೆಯ ಗುಡ್ಡಗಾಡು ಹೆದ್ದಾರಿ. ಹೋಟೆಲಿಗೆ ಮೊದಲೇ ಹೇಳಿ ವಾಹನ ತರಿಸಿಕೊಳ್ಳಿ. ಮಾನಾಗ್ವಾದಲ್ಲಿ ಈ ತೊಂದರೆಯಿಲ್ಲ, ನಿಲ್ದಾಣ ಊರಿನ ಅಂಚಿನಲ್ಲೇ ಇದೆ. ಸಾನ್ ಸಾಲ್ವಡೋರ್‌ಗೆ ಹೋಗುವವರಿದ್ದರೆ, ನಿಲ್ದಾಣ ಕಡಲ ಕಡೆಗೆ, ನಗರದಿಂದ ನಲವತ್ತು ಕಿಲೋಮೀಟರ್‌ಗೂ ಹೆಚ್ಚು ದೂರ.

ಪನಾಮದ ಟೊಕುಮೆನ್‌ಗೆ ಮೆಟ್ರೊ ಬಂದಿದೆ. 2023ರ ಮಾರ್ಚ್‌ನಿಂದ ಎರಡನೇ ಮಾರ್ಗದ ಕವಲು ನಿಲ್ದಾಣದವರೆಗೂ ಓಡುತ್ತದೆ. ಸಾನ್ ಮಿಗೆಲೀತೊದಲ್ಲಿ ಮೊದಲನೇ ಮಾರ್ಗಕ್ಕೆ ಬದಲಾಯಿಸಿದರೆ ನಗರದ ನಡುವಿಗೇ ಇಳಿಸುತ್ತದೆ. ಒಂದು ಬೆನ್ನಚೀಲ ಇರುವವರಿಗೆ ಇದು ವರ. ಎರಡು ದೊಡ್ಡ ಪೆಟ್ಟಿಗೆ ಇದ್ದರೆ ಕ್ಯಾಬ್ ಹಿಡಿಯಿರಿ.

ಹಂತ 5: ಹೋಟೆಲ್ ಆರಿಸುವುದು, ವಿಳಾಸ ಓದುವುದು

ಬೆಂಗಳೂರಿನವರಿಗೆ ಒಂದು ಅನುಕೂಲ: ಗ್ವಾಟೆಮಾಲಾ ಸಿಟಿ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್, ಸಾನ್ ಹೋಸೆ 1,150 ಮೀಟರ್ ಎತ್ತರದಲ್ಲಿವೆ. ರಾತ್ರಿ ತಂಪು. ಅಲ್ಲಿ ಎಸಿಗೆ ದುಡ್ಡು ಕೊಡಬೇಡಿ, ಬಿಸಿನೀರು ಇದೆಯೇ ಎಂದು ವಿಚಾರಿಸಿ. ಮಾನಾಗ್ವಾ, ಪನಾಮಗಳಲ್ಲಿ ಇದು ತಿರುಗುಮುರುಗು: ಸೆಕೆ ಮಂಗಳೂರಿನದೇ, ಎಸಿ ಇಲ್ಲದ ಕೋಣೆಯಲ್ಲಿ ನಿದ್ದೆಯಿಲ್ಲ.

ಬಡಾವಣೆಗಳ ವಿಷಯದಲ್ಲಿ ಪ್ರಯೋಗ ಬೇಡ. ಗ್ವಾಟೆಮಾಲಾದಲ್ಲಿ 10 ಅಥವಾ 13ನೇ ವಲಯ, ಸಾನ್ ಹೋಸೆಯಲ್ಲಿ ಎಸ್ಕಲಾಂತೆ ಅಥವಾ ಲಾ ಸಬಾನಾ, ತೆಗುಸಿಗಾಲ್ಪದಲ್ಲಿ ಪಾಲ್ಮಿರಾ, ಮಾನಾಗ್ವಾದಲ್ಲಿ ಲೋಸ್ ರೋಬ್ಲೆಸ್, ಪನಾಮದಲ್ಲಿ ಎಲ್ ಕಾಂಗ್ರೆಹೊ ಅಥವಾ ಹಳೆಯ ಕಾಸ್ಕೊ. ಕಾಸ್ಕೊ ಚೆಂದ, ಆದರೆ ವಾರಾಂತ್ಯದಲ್ಲಿ ಮಹಡಿ ಬಾರುಗಳ ಸದ್ದು ಕಿವಿಗೆ ಬೀಳುತ್ತದೆ.

ಜಾಲತಾಣದಲ್ಲಿ ಕಂಡ ದರದ ಮೇಲೆ ತೆರಿಗೆ ಸೇರಿದೆಯೇ ನೋಡಿ. ಗ್ವಾಟೆಮಾಲಾದಲ್ಲಿ ಮೌಲ್ಯವರ್ಧಿತ ತೆರಿಗೆ ಶೇಕಡಾ 12, ಪ್ರವಾಸೋದ್ಯಮ ತೆರಿಗೆ ಶೇಕಡಾ 10, ಒಟ್ಟು 22. ಹೊಂಡುರಾಸ್‌ನಲ್ಲಿ 19, ಕೋಸ್ಟರಿಕಾದಲ್ಲಿ 13, ಪನಾಮದಲ್ಲಿ 10. ಗ್ವಾಟೆಮಾಲಾದ ಅಗ್ಗದ ಕೋಣೆ ಬಿಲ್ಲಿನಲ್ಲಿ ಅಷ್ಟೇನೂ ಅಗ್ಗವಾಗಿರುವುದಿಲ್ಲ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಆಂಟಿಗ್ವಾದಲ್ಲಿ ಕೋಣೆ ಸಿಗುವುದೇ ದುಸ್ತರ, ಆಗ ರಾಜಧಾನಿಗಳು ಮಾತ್ರ ಅರ್ಧ ಖಾಲಿ.

ಇನ್ನು ವಿಳಾಸ. ಗ್ವಾಟೆಮಾಲಾದಲ್ಲಿ ಅದು ಗಣಿತದಂತೆ ಖಚಿತ: 6ನೇ ಅವೆನಿದಾ 12-34, 10ನೇ ವಲಯ ಎಂದರೆ ಆರನೇ ಅವೆನಿದಾ ಎಂಬ ರಸ್ತೆಯಲ್ಲಿ, ಹನ್ನೆರಡನೇ ಕಾಯೆ ಎಂಬ ಅಡ್ಡರಸ್ತೆ ದಾಟಿ, 34 ಸಂಖ್ಯೆಯ ಮನೆ. ವಲಯದ ಸಂಖ್ಯೆ ಬಿಟ್ಟರೆ ಕೆಟ್ಟಿತು. ಅದೇ ಆರನೇ ಅವೆನಿದಾ ಬೇರೆ ವಲಯಗಳಲ್ಲೂ ಇದೆ. ಸಾನ್ ಹೋಸೆಗೆ ಬಂದರೆ ಮನೆ ಸಂಖ್ಯೆಯ ಸುದ್ದಿಯೇ ಇಲ್ಲ. ಇಂಥ ಚರ್ಚಿನಿಂದ 200 ಮೀಟರ್ ಉತ್ತರ, 50 ಮೀಟರ್ ಪಶ್ಚಿಮ ಎಂದೇ ವಿಳಾಸ ಬರೆಯುತ್ತಾರೆ, ಅದರಲ್ಲಿ ನೂರು ಮೀಟರ್ ಎಂದರೆ ಒಂದು ಬೀದಿಯಷ್ಟು ದೂರ, ಟೇಪು ಹಿಡಿದು ಅಳೆದದ್ದಲ್ಲ. ಮಾನಾಗ್ವಾದವರು ಇನ್ನೂ ಒಂದು ಹೆಜ್ಜೆ ಮುಂದೆ: ದಿಕ್ಕುಗಳನ್ನು ಸರೋವರದ ಕಡೆ, ಮೇಲೆ, ಕೆಳಗೆ ಎನ್ನುತ್ತಾರೆ. ಸರೋವರದ ಕಡೆ ಎಂದರೆ ಉತ್ತರ, ಮೇಲೆ ಎಂದರೆ ಸೂರ್ಯ ಹುಟ್ಟುವ ಪೂರ್ವ. ಗುರುತಿಗೆ ಹೇಳುವ ಕಟ್ಟಡ 1972ರ ಭೂಕಂಪದಲ್ಲೇ ಬಿದ್ದುಹೋಗಿದ್ದರೂ ವಿಳಾಸದಲ್ಲಿ ಅದು ಬದುಕಿರುತ್ತದೆ. ಆದ್ದರಿಂದ ಹೋಟೆಲಿನ ಫೋನ್ ಸಂಖ್ಯೆ ಮತ್ತು ನಕ್ಷೆಯ ಗುರುತು ಎರಡನ್ನೂ ಆಫ್‌ಲೈನ್‌ನಲ್ಲಿ ಉಳಿಸಿಕೊಂಡಿರಿ. ಚಾಲಕ ದಾರಿ ತಪ್ಪಿದಾಗ ಫೋನನ್ನು ಅವನ ಕೈಗೆ ಕೊಟ್ಟರೆ ಕೆಲಸ ಮುಗಿಯಿತು.

ಹಂತ 6: ಕೋಣೆಯೊಳಗಿನ ಮೊದಲ ಅರ್ಧ ಗಂಟೆ

ಅತಿಥಿಗೃಹಗಳ ಬಾಗಿಲಿಗೆ ಕಬ್ಬಿಣದ ಗೇಟು, ಗೋಡೆಯ ಮೇಲೆ ಮುಳ್ಳುತಂತಿ, ಪಕ್ಕದ ಅಂಗಡಿಯ ಮುಂದೆ ಬಂದೂಕು ಹಿಡಿದ ಕಾವಲುಗಾರ. ಇದನ್ನು ಕಂಡು ಗಾಬರಿಯಾಗಬೇಡಿ, ಅಲ್ಲಿಯ ಮಾಮೂಲಿ ನೋಟ ಇದು. ಗಂಟೆ ಒತ್ತಿ ಕಾಯಿರಿ. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ. ಬೇಗ ಬಂದರೆ ಲಗೇಜ್ ಇಟ್ಟುಕೊಳ್ಳುತ್ತಾರೆ. ಮುಂಗಡವಾಗಿ ಹಣ ತಡೆಹಿಡಿಯಲು ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ತಡೆಹಿಡಿದ ಹಣ ಮರಳಲು ದಿನಗಟ್ಟಲೆ ಆದೀತು.

ಪೆಟ್ಟಿಗೆ ಬಿಚ್ಚುವ ಮುನ್ನ ಬಚ್ಚಲಿಗೆ ಹೋಗಿ. ಕಡಿಮೆ ದರದ ಹೋಟೆಲುಗಳಲ್ಲಿ ಗೀಸರ್ ಇರುವುದಿಲ್ಲ, ಶವರಿನ ತಲೆಗೇ ವಿದ್ಯುತ್ ಹೀಟರ್ ಜೋಡಿಸಿರುತ್ತಾರೆ. ಬಿಳಿಯ ಪ್ಲಾಸ್ಟಿಕ್ ಬುರುಡೆ, ಅದರಿಂದ ಗೋಡೆಗೆ ಹೋದ ತಂತಿ, ಮೇಲೊಂದು ಸಣ್ಣ ಗುಂಡಿ. ನಲ್ಲಿ ಪೂರ್ತಿ ತಿರುಗಿಸಿದರೆ ಬರುವುದು ತಣ್ಣೀರು. ಹರಿವನ್ನು ನಿಧಾನವಾಗಿ ಕಡಿಮೆ ಮಾಡುತ್ತಾ ಹೋದಂತೆ ಒಳಗೆ ಸಣ್ಣ ಗುಂಯ್ ಸದ್ದು ಶುರುವಾಗಿ ನೀರು ಬಿಸಿಯಾಗುತ್ತದೆ. ತೀರಾ ಕಡಿಮೆ ಮಾಡಿದರೆ ಹೀಟರ್ ಕೈಕೊಡುತ್ತದೆ. ಒದ್ದೆ ಕೈಯಲ್ಲಿ ಆ ಬುರುಡೆಯನ್ನು ಮುಟ್ಟಬೇಡಿ. ತಂತಿಯ ಜೋಡಣೆ ಬರಿದಾಗಿ ಕಂಡರೆ ಸಂಕೋಚ ಬಿಟ್ಟು ಬೇರೆ ಕೋಣೆ ಕೇಳಿ.

ಟಾಯ್ಲೆಟ್ ಕಾಗದವನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದಲ್ಲಿಟ್ಟ ಬುಟ್ಟಿಗೆ ಹಾಕಬೇಕು. ಕೊಳವೆಗಳು ಕಿರಿದು. ತೊಳೆಯುವ ನಳಿಕೆ ಇರುವುದಿಲ್ಲ, ಹಾಗಾಗಿ ಮನೆಯಿಂದಲೇ ಒಂದು ಪ್ಲಾಸ್ಟಿಕ್ ಚೊಂಬು ತಂದವರು ಸುಖಿಗಳು. ಕುಡಿಯಲು ಕೋಸ್ಟರಿಕಾ ಮತ್ತು ಪನಾಮ ಸಿಟಿಯ ನಲ್ಲಿ ನೀರು ಸಾಮಾನ್ಯವಾಗಿ ಸುರಕ್ಷಿತ. ಉಳಿದೆಡೆ ಹೋಟೆಲಿನವರು ಇಡುವ ಕ್ಯಾನಿನ ನೀರು ಬಳಸಿ.

ವಿದ್ಯುತ್ ಇಲ್ಲಿ 120 ವೋಲ್ಟ್, ಪ್ಲಗ್ಗಿಗೆ ಅಮೆರಿಕದಂತೆ ಎರಡು ಚಪ್ಪಟೆ ಕಡ್ಡಿ. ಅಡಾಪ್ಟರ್ ಇದ್ದರೆ ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ತೊಂದರೆಯಿಲ್ಲ. ಊರಿನಿಂದ ಹೊತ್ತು ತಂದ ರೈಸ್ ಕುಕ್ಕರ್, ಕೆಟಲ್ ಮಾತ್ರ ತಮ್ಮ ಶಕ್ತಿಯ ಕಾಲುಭಾಗದಷ್ಟೇ ಕಾಯುತ್ತವೆ, ಅನ್ನ ಬೇಯುವ ಹೊತ್ತಿಗೆ ಹಸಿವೇ ಹಾರಿಹೋಗಿರುತ್ತದೆ.

ಭೂಕಂಪದ ನಾಡಿದು, ಮೆಟ್ಟಿಲು ಯಾವ ಕಡೆ ಎಂದು ಒಮ್ಮೆ ನಡೆದು ನೋಡಿ ಬನ್ನಿ.

ಹಂತ 7: ಊಟ, ಹಣ, ಹೊರಡುವ ಬೆಳಿಗ್ಗೆ

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ. ಬೆಳಗಿನ ತಿಂಡಿಗೆ ಅನ್ನ ಮತ್ತು ಕಾಳು ಕಲಸಿ ಹುರಿದ ಗಾಯೊ ಪಿಂಟೊ, ಬೇಯಿಸಿದ ಬಾಳೆ, ಮುಸುಕಿನ ಜೋಳದ ರೊಟ್ಟಿಯಾದ ತೊರ್ತಿಯಾ ಹಲವೆಡೆ ಸಿಗುತ್ತವೆ. ಆದರೆ ಎರಡು ಎಚ್ಚರ: ಅರೆದು ಹುರಿದ ಕಾಳಿಗೆ ಹಂದಿ ಕೊಬ್ಬು ಬಳಸಿರಬಹುದು, ಮಾಂಸ ಬೇಡ ಎಂದರೆ ಕೋಳಿ ತಂದಿಡುವವರಿದ್ದಾರೆ. ಆದ್ದರಿಂದ ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ’ ಎಂದು ಚೀಟಿಯಲ್ಲಿ ಬರೆದು ತೋರಿಸಿ: ಮಾಂಸ, ಕೋಳಿ, ಮೀನು, ಕೊಬ್ಬು ಯಾವುದೂ ಬೇಡ. ಪನಾಮದಲ್ಲಿ ಹಳೆಯ ಗುಜರಾತಿ, ಸಿಂಧಿ ವ್ಯಾಪಾರಿ ಕುಟುಂಬಗಳಿರುವುದರಿಂದ ಭಾರತೀಯ ಊಟದ ಮನೆಗಳೂ ದೇವಸ್ಥಾನವೂ ಇವೆ. ಪಾಸ್‌ಪೋರ್ಟ್ ಕಳೆದರೆ ಭಾರತದ ರಾಯಭಾರ ಕಚೇರಿ ಗ್ವಾಟೆಮಾಲಾ ಸಿಟಿಯಲ್ಲೂ ಪನಾಮ ಸಿಟಿಯಲ್ಲೂ ಇದೆ; ಕೋಸ್ಟರಿಕಾದ ವ್ಯವಹಾರವನ್ನು ಪನಾಮದ ಕಚೇರಿ ನೋಡಿಕೊಳ್ಳುತ್ತದೆ.

ಎಲ್ ಸಾಲ್ವಡೋರ್‌ನಲ್ಲಿ 2001ರಿಂದ ಅಮೆರಿಕದ ಡಾಲರೇ ನಾಣ್ಯ. ಪನಾಮದಲ್ಲೂ ನೋಟು ಡಾಲರಿನದೇ, ಚಿಲ್ಲರೆ ಮಾತ್ರ ಬಾಲ್ಬೊವಾ. ಹತ್ತು ಇಪ್ಪತ್ತರ ನೋಟುಗಳನ್ನು ತನ್ನಿ. ನೂರರ ನೋಟನ್ನು ಸಣ್ಣ ಅಂಗಡಿಯವರು ಮುಟ್ಟುವುದಿಲ್ಲ, ಗ್ವಾಟೆಮಾಲಾದಲ್ಲಿ ಅಂಚು ಸ್ವಲ್ಪ ಹರಿದ ಡಾಲರನ್ನೂ ಹಿಂತಿರುಗಿಸುತ್ತಾರೆ. ಎಟಿಎಂ ಪರದೆ ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ.

ಹೊರಡುವ ಹಿಂದಿನ ಸಂಜೆಯೇ ಬಿಲ್ಲು ತೀರಿಸಿ, ಬೆಳಗಿನ ಟ್ಯಾಕ್ಸಿಗೆ ಹೇಳಿಟ್ಟು, ಚೆಕ್-ಇನ್ ಮುಗಿಸಿ. ಕೈಯಲ್ಲಿ ಉಳಿದ ಕೆತ್ಸಾಲ್, ಲೆಂಪಿರಾ, ಕೊರ್ಡೊಬಾ ನೋಟುಗಳನ್ನು ಆ ರಾತ್ರಿಯ ಊಟಕ್ಕೆ, ಟ್ಯಾಕ್ಸಿಗೆ, ಕೋಣೆ ಗುಡಿಸುವವರಿಗೆ ಖರ್ಚು ಮಾಡಿಬಿಡಿ. ಮುಂದಿನ ದೇಶದಲ್ಲಿ ಅವನ್ನು ಒಳ್ಳೆಯ ದರಕ್ಕೆ ಕೊಳ್ಳುವವರಿಲ್ಲ, ಬೆಂಗಳೂರಿನಲ್ಲಂತೂ ಕೇಳುವುದೇ ಬೇಡ.